ಮಾತಾಡುತ್ತ ತುಳಿಯಿರಿ

(ಕಾರವಾರದಿಂದ ಹೊನ್ನಾವರದಾಚೆಯ ಕಾಸರಕೋಡಿನವರೆಗಿನ ಸಹಾಯಾರ್ಥ ಸೈಕಲ್ ಸವಾರಿಗೆ ಹೆಸರು ಕೊಟ್ಟ ಹೊಸಬರ ಎದುರು ಅಂಕೋಲೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಡಿದ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೆಸರು ಕೊಟ್ಟವರ ಪಟ್ಟಿಯನ್ನು ಸಂಘಟಕರು ಮೊದಲೇ ಕೈಗಿಟ್ಟಿದ್ದರು. ಅಂಗಡಿಯವರಿದ್ದಾರೆ, ಬ್ಯಾಂಕಿನವರಿದ್ದಾರೆ, ಮೇಷ್ಟ್ರು, ಆಶಾ ಕಾರ್ಯಕರ್ತೆಯರು, ಶಿರಸಿಯಿಂದ ಘಟ್ಟ ಇಳಿದು ಬಂದ ಅಡಿಕೆ ತೋಟದವರೂ ಇದ್ದಾರೆ. ‘ಸೈಕಲ್ ಅನುಭವ’ ಎಂಬಲ್ಲಿ ಬಹಳ ಜನ ಬರೆದದ್ದು ಒಂದೇ: ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆ ನಿಮ್ಮನ್ನು ಹೈಸ್ಕೂಲಿಗೆ ಮುಟ್ಟಿಸಿತು. ಕಾಲೇಜಿಗೆ ಬಸ್ ಪಾಸ್ ಸಿಕ್ಕ ಕೂಡಲೇ ಸೈಕಲ್ ಕೊಟ್ಟಿಗೆ ಸೇರಿತು. ಆಮೇಲೆ ಸ್ಕೂಟಿ ಬಂತು. ಈಗ ಏಕಾಏಕಿ 90 ಕಿಲೋಮೀಟರ್ ಎಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ನಾನು ಹೇಳಲಿಕ್ಕೆ ಬಂದದ್ದು ಮುಖ್ಯವಾಗಿ ಒಂದೇ ಮಾತು. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ತುಳಿಯಿರಿ. ಕಾಲಿಗೂ ಅದೇ ಒಳ್ಳೆಯದು, ಹಣ ಕೂಡಿಸುವುದಕ್ಕೂ ಅದೇ ಒಳ್ಳೆಯದು.

ಹಣದಿಂದಲೇ ಶುರು ಮಾಡುತ್ತೇನೆ. ಕಾಲಿನ ಚಿಂತೆಯಲ್ಲಿ ಎಲ್ಲರೂ ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ.

ನಮ್ಮ ಕಡೆಗೆ ಸಹಾಯಾರ್ಥ ಎನ್ನುವುದು ಹೊಸತಲ್ಲ. ಶಾಲೆಗೊಂದು ಕೋಣೆ ಬೇಕು, ಯಾರಿಗೋ ಆಪರೇಶನ್ ಆಗಬೇಕು ಎಂದರೆ ಒಂದು ಯಕ್ಷಗಾನ ಇಟ್ಟು ಟಿಕೆಟ್ ಮಾರುತ್ತೇವೆ. ಅಲ್ಲಿ ಕೊಟ್ಟವನಿಗೆ ಆಟ ಸಿಗುತ್ತದೆ. ಭಾಗವತರು ಚೆನ್ನಾಗಿ ಹಾಡಿದರೆ ಕೊಟ್ಟ ದುಡ್ಡು ಮರೆತೇ ಹೋಗುತ್ತದೆ. ಸೈಕಲ್ ಸವಾರಿಗೆ ಕೊಟ್ಟವನಿಗೆ ಏನು ಸಿಗುತ್ತದೆ? ‘ನೀ ಸೈಕಲ್ ಹೊಡೆದ್ರೆ ರೋಗಿಗೆ ಎಂತ ಆಗ್ತದೆ ಮಾರಾಯ?’ ಎಂದು ಕೇಳುವವರು ಖಂಡಿತ ಸಿಗುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ.

ಅವರು ಕೊಡುವುದು, ಅದು ನಿಮಗೆ ಕಷ್ಟ ಎಂದು ಅವರಿಗೆ ಗೊತ್ತಿರುವುದರಿಂದ. ವಾರವಾರ ಗೋವೆಯ ಗಡಿ ಮುಟ್ಟಿ ಬರುವ ಸವಾರ 90 ಕಿಲೋಮೀಟರ್ ತುಳಿದರೆ ಅದು ಅವನ ಮಾಮೂಲಿ ಭಾನುವಾರ, ಅದಕ್ಕೆ ಯಾರು ದುಡ್ಡು ಕೊಡುತ್ತಾರೆ? ಪೇಟೆಗೆ ಹಾಲು ತರಲೂ ಗಾಡಿ ತೆಗೆಯುವ ನೀವು ತುಳಿಯುತ್ತೀರಿ ಎಂದರೆ ನೆರೆಮನೆಯವರು ಕತ್ತೆತ್ತಿ ನೋಡುತ್ತಾರೆ. ಹಣ ಕೂಡಿಸುವ ವಿಷಯದಲ್ಲಿ ಹೊಸಬರಾಗಿರುವುದೇ ನಿಮ್ಮ ಬಂಡವಾಳ, ಅದನ್ನು ಮುಚ್ಚಿಡಬೇಡಿ. ಬಣ್ಣದ ಜರ್ಸಿ, ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿ, ಹುಟ್ಟಿನಿಂದಲೇ ಸವಾರರಾಗಿದ್ದವರ ಹಾಗೆ ಕಾಣಿಸಿಕೊಳ್ಳುವ ಹುಕಿ ಬರುತ್ತದಲ್ಲ, ಅದು ನಿಮ್ಮ ವಂತಿಗೆಗೆ ನಷ್ಟ. ಊರಿನ ರಸ್ತೆಯಲ್ಲೇ, ನಾಲ್ಕು ಜನ ನೋಡುವಂತೆ ಅಭ್ಯಾಸ ಮಾಡಿ. ಯಾರಾದರೂ ಕರೆದರೆ ನಿಲ್ಲಿ. ‘ಎಂತಕ್ಕೆ ಈ ಅವತಾರ?’ ಎಂದರೆ ಎಂತಕ್ಕೆ ಎಂದು ಹೇಳಿ. ಏದುಸಿರು ಬಿಡುತ್ತಿದ್ದರೆ ಹೇಳುವುದು ಹೇಗೆ?

ಎಂತಕ್ಕೆ ಎನ್ನುವುದು ನಿಮಗೇ ಸ್ಪಷ್ಟ ಇರಬೇಕು. ಈ ಸವಾರಿಯ ಹಣ ಡಯಾಲಿಸಿಸ್ ಮತ್ತು ಕ್ಯಾನ್ಸರ್ ರೋಗಿಗಳ ಪ್ರಯಾಣದ ಖರ್ಚಿಗೆ. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವೆಯ ದಾರಿ ಹಿಡಿಯುತ್ತಾರೆ. ಕುಮಟೆಯಿಂದ ಮಣಿಪಾಲಕ್ಕೆ 120 ಕಿಲೋಮೀಟರಿನ ಮೇಲಾಗುತ್ತದೆ. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 2-3 ಸಲ, ಪ್ರತಿ ಸಲ 4 ಗಂಟೆಯ ಹೊತ್ತು. ತಾಲೂಕು ಆಸ್ಪತ್ರೆಯಲ್ಲಿ ಯಂತ್ರ ಇದ್ದರೂ ಹಳ್ಳಿಯಿಂದ ಅಲ್ಲಿಗೆ ಹೋಗಿ ಬರುವ ರಿಕ್ಷಾ ಬಾಡಿಗೆ, ಜೊತೆಗೆ ಬಂದವರ ತಪ್ಪಿದ ಕೂಲಿ, ಇವು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದ್ದು ನೆನಪಿರಬಹುದು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಜೋರಾಯಿತು. ಆಸ್ಪತ್ರೆ ಕಟ್ಟುವುದು ಸರ್ಕಾರದ ಕೆಲಸ. ನಾವು ಅದನ್ನು ಮಾಡುತ್ತಿಲ್ಲ, ಮಾಡಿದ ಹಾಗೆ ಭಾಷಣ ಬಿಗಿಯುವುದೂ ಬೇಡ. ನಾವು ಕೊಡುತ್ತಿರುವುದು ಬಾಡಿಗೆ ದುಡ್ಡು. ಹಾಗೆಂದೇ ಹೇಳಿ. ಸಣ್ಣದನ್ನು ಸಣ್ಣದೆಂದೇ ಹೇಳಿ ಕೇಳಿದರೆ ಜನ ನಂಬುತ್ತಾರೆ.

ಕೇಳುವ ಬಗೆ ಹೀಗಿರಲಿ. ಗುಂಪಿಗೆ ವಾಟ್ಸಾಪ್ ಹಾಕಿ ಕುಳಿತರೆ ಕೈಮುಗಿದ ಚಿತ್ರಗಳು ಬರುತ್ತವೆ, ಹಣ ಬರುವುದಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ. ಕಿಲೋಮೀಟರಿಗೆ ಇಷ್ಟು ಎಂದು ಕೇಳುವುದು ಸುಲಭ. ಐದು ರೂಪಾಯಿಯಂತೆ 90ಕ್ಕೆ 450 ರೂಪಾಯಿ. ಇಪ್ಪತ್ತು ಜನ ಒಪ್ಪಿದರೆ 9,000. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದೇ ಇರಲಿ, ನಿಮ್ಮ ಸ್ವಂತ ಖಾತೆಯದು ಬೇಡವೇ ಬೇಡ. ನಗದು ತೆಗೆದುಕೊಂಡರೆ ಅಲ್ಲೇ ರಸೀದಿ ಹರಿದು ಕೊಡಿ. ತೆರಿಗೆ ವಿನಾಯಿತಿ ಬೇಕೆನ್ನುವವರಿಗೆ ಒಂದು ವಿಷಯ ಮೊದಲೇ ತಿಳಿಸಿ: 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಅದು ಸಿಗುವುದಿಲ್ಲ, ಬ್ಯಾಂಕ್ ಮೂಲಕವೇ ಬರಬೇಕು.

ಖರ್ಚಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಟೀಶರ್ಟು, ಬ್ಯಾನರು, ಉಪ್ಪಿಟ್ಟು, ಇವೆಲ್ಲ ದಾನದ ಹಣದಲ್ಲಿ ಆಗಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ‘ಪ್ಯಾನ್-ಮಾಸ್ ಚಾಲೆಂಜ್’ ಎಂಬ ಸವಾರಿ ನಡೆಯುತ್ತದೆ. ತಾಯಿಯನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬುವರು 1980ರಲ್ಲಿ ಅದನ್ನು ಶುರು ಮಾಡಿದಾಗ ಇದ್ದದ್ದು 36 ಸವಾರರು, ಕೂಡಿದ್ದು 10,200 ಡಾಲರ್. ಇವತ್ತಿಗೆ ಅದು ಒಟ್ಟು 100 ಕೋಟಿ ಡಾಲರ್ ದಾಟಿದೆ. ಸವಾರರು ತಂದ ಹಣವಷ್ಟೂ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ, ಸಂಘಟನೆಯ ಖರ್ಚಿಗೆ ಬೇರೆ ದಾರಿ ಮಾಡಿಕೊಂಡಿದ್ದಾರೆ. ಅಷ್ಟು ದೊಡ್ಡವರಿಗೆ ಆಗುವುದಾದರೆ ನಮಗೇಕೆ ಆಗಬಾರದು? ಉಪ್ಪಿಟ್ಟಿನ ದುಡ್ಡನ್ನು ನಮ್ಮ ನಮ್ಮ ಜೇಬಿನಿಂದಲೇ ಹಾಕೋಣ.

ಇನ್ನು ಕಾಲಿಗೆ ಬರೋಣ.

ಜನವರಿಗೆ ಹನ್ನೆರಡು ವಾರ ಇದೆ. ವಾರಕ್ಕೆ ಮೂರು ದಿನ ಸಾಕು. ಎರಡು ದಿನ 40-50 ನಿಮಿಷ, ಭಾನುವಾರ ಸ್ವಲ್ಪ ಉದ್ದದ್ದು. ಮೊದಲ ಭಾನುವಾರ 15 ಕಿಲೋಮೀಟರ್ ಆದರೂ ಅಡ್ಡಿಯಿಲ್ಲ. ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಮೂರು ವಾರಕ್ಕೊಮ್ಮೆ ಒಂದು ವಾರ ಇಳಿಸಿ. ಸವಾರಿಗೆ ಎರಡು ವಾರ ಇರುವಾಗ 65-70 ಕಿಲೋಮೀಟರ್ ಒಮ್ಮೆ ಆಗಿದ್ದರೆ 90 ಆಗಿಯೇ ಆಗುತ್ತದೆ. ಪೂರ್ತಿ 90 ಮೊದಲೇ ತುಳಿದು ನೋಡುವ ಅಗತ್ಯವಿಲ್ಲ.

ವೇಗ ಎಷ್ಟಿರಬೇಕು? ತುಳಿಯುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ನಡುವೆ ಉಸಿರು ಕಟ್ಟದೆ ಹೇಳಿದಿರಾ, ಆ ವೇಗ ಸರಿ. ‘ಹೂಂ’, ‘ಹಾಂ’ ಅಷ್ಟೇ ಬರುತ್ತಿದೆಯಾ, ಜಾಸ್ತಿಯಾಯಿತು. ಮಾತಾಡುವ ವೇಗದಲ್ಲಿ ದೇಹ ಆಮ್ಲಜನಕ ಬಳಸಿಕೊಂಡು ಕೊಬ್ಬನ್ನೂ ಉರಿಸುತ್ತದೆ. ವಾರಗಟ್ಟಲೆ ಹೀಗೆ ಮಾಡಿದರೆ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಹೆಚ್ಚುತ್ತವೆ, ಅದೇ ಹೃದಯಬಡಿತದಲ್ಲಿ ಹೆಚ್ಚು ದೂರ ಹೋಗುತ್ತೀರಿ. ಏದುಸಿರಿನ ವೇಗದಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಬೇಗ ಖಾಲಿ. ಹೊಸಬರೆಲ್ಲ ಪ್ರತಿದಿನವೂ ಅರ್ಧ ಏದುಸಿರಿನಲ್ಲಿ ತುಳಿಯುತ್ತಾರೆ. ಅದರಿಂದ ದಣಿವು ಬರುತ್ತದೆ, ತಾಕತ್ತು ಬರುವುದಿಲ್ಲ.

ವೇಗಕ್ಕೆ ಗಾಳಿ ಹೇಗೆ ಸುಂಕ ಕೇಳುತ್ತದೆ ನೋಡಿ. ಗಾಳಿಯ ತಡೆಗೆ ಖರ್ಚಾಗುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಗಂಟೆಗೆ 20ರಿಂದ 25 ಕಿಲೋಮೀಟರಿಗೆ ಹೋದರೆ ಆ ಖರ್ಚು ಹತ್ತಿರ ಹತ್ತಿರ ಎರಡು ಪಟ್ಟು. ಗಂಟೆಗೆ 18ರಂತೆ ಹೋದರೂ 90ಕ್ಕೆ ಐದೇ ಗಂಟೆ. ಜನವರಿಯಲ್ಲಿ ನಮ್ಮಲ್ಲಿ ಬೆಳಕು ಹರಿದು ಸೂರ್ಯ ಕಾಣುವುದು ಏಳರ ಸುಮಾರಿಗೆ. ಆರೂವರೆಗೆ ಹೊರಟು ನಾಲ್ಕು ಕಡೆ ನಿಂತರೂ ಮಧ್ಯಾಹ್ನ ಒಂದರೊಳಗೆ ಶರಾವತಿ ದಾಟುತ್ತೀರಿ. ಆತುರ ಯಾರಿಗೆ?

ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ, ಮೀನುಗಾರರ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಬೆಳಗಿನ ಜಾವ ನೆಲದಿಂದ ಕಡಲಿಗೆ ತಣ್ಣನೆಯ ಗಾಳಿ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗಿ, ಪಶ್ಚಿಮ-ವಾಯವ್ಯದಿಂದ ಕಡಲ ಗಾಳಿ ಬೀಸುತ್ತದೆ. ಕಾರವಾರದಿಂದ ದಕ್ಷಿಣಕ್ಕೆ ಹೋಗುವವರಿಗೆ ಅದು ಬಲ ಹೆಗಲಿನ ಹಿಂದಿನಿಂದ ತಳ್ಳುತ್ತದೆ. ಸವಾರಿಯನ್ನು ಕಾರವಾರದಿಂದ ಕಾಸರಕೋಡಿಗೆ ಇಟ್ಟದ್ದೇ ಅದಕ್ಕೆ. ಅಭ್ಯಾಸಕ್ಕೆ ಮಾತ್ರ ತಿರುಗುಮುರುಗು ಮಾಡಿ. ಬೆಳಿಗ್ಗೆ ಮೊದಲು ಉತ್ತರಕ್ಕೆ ಹೋಗಿ, ಹಿಂತಿರುಗುವಾಗ ಗಾಳಿ ಬೆನ್ನಿಗೆ ಸಿಗಲಿ. ಮೊದಲು ದಕ್ಷಿಣಕ್ಕೆ ಹಾರಿಹೋಗಿ ‘ನಾನು ಎಷ್ಟು ಗಟ್ಟಿಯಾದೆ’ ಎಂದು ಹಿಗ್ಗಿದವರು ಹನ್ನೊಂದು ಗಂಟೆಗೆ ತಿರುಗಿ ನಿಂತಾಗ ಎಲ್ಲ ಇಳಿದುಹೋಗುತ್ತದೆ.

ಶಿರಸಿಯವರ ತೊಂದರೆ ಗಾಳಿಯದಲ್ಲ, ಸೆಕೆಯದು. ಬನವಾಸಿ ರಸ್ತೆಯ ಏರಿಳಿತದಲ್ಲಿ ಅಭ್ಯಾಸ ಮಾಡಿದರೆ ಕಾಲು ನಮಗಿಂತ ಗಟ್ಟಿಯಾಗುತ್ತದೆ. ಆದರೆ ಕರಾವಳಿಯ ಸೆಕೆಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಸಾಧ್ಯವಾದರೆ ಡಿಸೆಂಬರಿನಲ್ಲಿ ಕೆಲವು ಭಾನುವಾರ ಕೆಳಗಿಳಿದು ಬನ್ನಿ. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿಡಬೇಡಿ, ಹಿಂದಿನದು ಮುಂದಿನದು ಬಿಟ್ಟು ಬಿಟ್ಟು ಹಿಡಿಯಿರಿ. ರಿಮ್ ಕಾದು ಟ್ಯೂಬು ಒಡೆಯುವುದು ಬರೀ ಕಟ್ಟುಕತೆಯಲ್ಲ. ಹತ್ತುವ ಹುಚ್ಚು ಇದ್ದವರಿಗೆ ಒಂದು ಲೆಕ್ಕ ಕೊಡುತ್ತೇನೆ. ಸೈಕಲ್ಲೂ ಸೇರಿ 80 ಕಿಲೋ ಭಾರವನ್ನು ಕಡಲ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಎತ್ತಲು 470 ಕಿಲೋಜೌಲ್ ಕೆಲಸ. ನಮ್ಮ ಸ್ನಾಯು ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲನ್ನಷ್ಟೇ ಕೆಲಸಕ್ಕೆ ಹಚ್ಚುವುದರಿಂದ ಹೆಚ್ಚುಕಡಿಮೆ ಅಷ್ಟೇ ಕಿಲೋಕ್ಯಾಲೊರಿ ಆಹಾರ ಬೇಕು. ನಾಲ್ಕೈದು ದೊಡ್ಡ ಬಾಳೆಹಣ್ಣು. ಬರೀ ಏರಿಗೆ ಅಷ್ಟು ಸಾಕು ಎಂದರೆ ಬಸ್ ಚಾರ್ಜಿಗಿಂತ ಅಗ್ಗ.

ಬೆವರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ರಸ್ತೆಯಲ್ಲಿ ಹೊಸಬರು ಮಲಗುವುದು ಕಾಲಿನಿಂದಲ್ಲ, ಇದರಿಂದ. ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಇಲ್ಲಿಯ ತೇವದಲ್ಲಿ ಅದು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ದೇಹ ಇನ್ನಷ್ಟು ಬೆವರುತ್ತದೆ. ಗಂಟೆಗೆ ಒಂದು ಲೀಟರ್ ಹೋಗುವುದು ಇಲ್ಲಿ ದೊಡ್ಡ ಮಾತಲ್ಲ. ನಿಮ್ಮದೆಷ್ಟು ಎಂದು ತಿಳಿಯಲು ಹೊರಡುವ ಮೊದಲು, ಬಂದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಒಂದು ಲೀಟರ್ ಹೆಚ್ಚು ಹೋಗಿದೆ ಎಂದರ್ಥ. ನೀರಿನ ಜೊತೆ ಉಪ್ಪೂ ಹೋಗುತ್ತದೆ. ಜನರಿಂದ ಜನರಿಗೆ ವ್ಯತ್ಯಾಸ ಇದ್ದರೂ ಲೀಟರ್ ಬೆವರಿಗೆ ಒಂದು ಗ್ರಾಂ ಆಸುಪಾಸು ಸೋಡಿಯಂ, ಅಂದರೆ ಎರಡೂವರೆ ಗ್ರಾಂ ಉಪ್ಪು. ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಮಂಕು ಕವಿಯುತ್ತದೆ. ಅದನ್ನು ನೀರಡಿಕೆಯೆಂದು ತಿಳಿದು ಮತ್ತೆ ನೀರು ಕುಡಿಸುವವರಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಪೊಟ್ಟಣ ಇಟ್ಟುಕೊಳ್ಳಿ, ಒಳ್ಳೆಯದೇ. ಇಲ್ಲವೆಂದರೆ ಮುರುಗಲ (ಕೋಕಂ) ಶರಬತ್ತಿಗೆ ಬೆಲ್ಲದ ಜೊತೆ ಉಪ್ಪನ್ನೂ ಹಾಕಿ ಬಾಟಲಿ ತುಂಬಿ. ಹಿಂದಿನ ರಾತ್ರಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಅದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ಅಂಗಡಿಯ ದುಬಾರಿ ಪುಡಿ ಬೇಕಾಗಿಲ್ಲ. 1930ರಲ್ಲಿ ಉಪ್ಪಿನ ಕಾಯ್ದೆ ಮುರಿದ ಊರಿನಲ್ಲಿ ನಿಂತು, ಸಾಣಿಕಟ್ಟೆಯ ಉಪ್ಪಿನಗದ್ದೆ ಇಷ್ಟು ಹತ್ತಿರ ಇರುವಾಗ, ಉಪ್ಪಿನ ಮಹಿಮೆ ಇದಕ್ಕಿಂತ ಹೆಚ್ಚು ಹೇಳಿದರೆ ನೀವು ನಗುತ್ತೀರಿ. ಬಿಪಿ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಿ. ತಿನ್ನುವುದು ಹಸಿವಾಗುವ ಮೊದಲೇ, ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕು. ಬಾಳೆಹಣ್ಣು, ಇಡ್ಲಿ, ಚಿಕ್ಕಿ ಎಲ್ಲ ನಡೆಯುತ್ತದೆ. ಆ ದಿನ ಹೊಸದೇನನ್ನೂ ತಿನ್ನಬೇಡಿ. ದಾರಿಯಲ್ಲಿ ಮೀನೂಟದ ಹೋಟೆಲು ಕರೆಯುತ್ತದೆ. ಶರಾವತಿ ದಾಟಿ ಆದ ಮೇಲೆ.

ಸೈಕಲ್ ಯಾವುದಾದರೂ ಆದೀತು. ದಪ್ಪ ಗುಬುಟಿನ ಟೈರು ಇದ್ದರೆ ಸಪಾಟಾದದ್ದು ಹಾಕಿಸಿ, ಅಷ್ಟರಲ್ಲೇ ಅರ್ಧ ಕಷ್ಟ ಕಡಿಮೆ. ಸೀಟಿನ ಎತ್ತರವನ್ನು ಮಾತ್ರ ಸರಿಮಾಡಿಕೊಳ್ಳಿ. ಪೆಡಲು ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಎಲ್ಲರೂ ಸೀಟು ತಗ್ಗಿಸಿ ಕೂರುತ್ತಾರೆ, ಆಮೇಲೆ ಮಂಡಿಯ ಮುಂಭಾಗ ನೋಯುತ್ತದೆ ಎನ್ನುತ್ತಾರೆ. ಭಾರದ ಗೇರಿನಲ್ಲಿ ನಿಧಾನ ತುಳಿಯುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 80ರ ಹತ್ತಿರ ತಿರುಗಿಸಿ. ಕಡಲ ದಂಡೆಯ ಮರಳಿನಲ್ಲಿ ಫೋಟೋಕ್ಕೆಂದು ಇಳಿಸಿದರೆ ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಚೈನಿನದೇ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ತಲೆಗೆ ಇರಲಿ.

ದಾರಿಯ ಬಗ್ಗೆ. ಕಾರವಾರ ಬಿಟ್ಟ ಕೂಡಲೇ ಬಿಣಗಾ ಬಳಿಯ ಏರು, ಸುರಂಗ. ಒಳಗೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ, ಒಬ್ಬರ ಹಿಂದೆ ಒಬ್ಬರು. ಆಮೇಲೆ ಅಂಕೋಲೆಯವರೆಗೆ ದೊಡ್ಡ ಕಷ್ಟವಿಲ್ಲ. ಮೀನಿನ ಲಾರಿಗಳಿಂದ ಸೋರಿದ ನೀರು ಬೆಳಿಗ್ಗೆ ರಸ್ತೆಯ ಎಡಬದಿಯಲ್ಲೇ ಇರುತ್ತದೆ, ಜಾರುತ್ತದೆ. ಬೀಡಾಡಿ ದನಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗಿರುತ್ತವೆ, ಕತ್ತಲಲ್ಲಿ ಕಾಣುವುದಿಲ್ಲ. ನಮ್ಮ ಲೇನಿನಲ್ಲೇ ಉಲ್ಟಾ ಬರುವ ಬೈಕುಗಳಿಗೆ ನೀವೇ ದಾರಿ ಬಿಡಿ, ನ್ಯಾಯ ಆಮೇಲೆ ಕೇಳೋಣ. ಅಂಕೋಲೆ ದಾಟಿದ ಮೇಲೆ ಶಿರೂರು, ಟೋಲ್‌ಗೇಟಿನ ಶಿರೂರಲ್ಲ, ಇದು ಬೇರೆ. 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ, ಗಂಗಾವಳಿಯ ಒಳಗೆ ಬಂದ ಜಾಗ. ಅಲ್ಲಿ ನಿಂತು ಸೆಲ್ಫಿ ತೆಗೆಯುವುದು ಬೇಡ ಎಂದು ಸಂಘಟಕರ ಪರವಾಗಿಯೂ ಹೇಳುತ್ತಿದ್ದೇನೆ. ಈ ವಾರಗಳಲ್ಲಿ ಇನ್ನೂ ಮಳೆ ಬಿದ್ದರೆ ಕಡಿದ ಗುಡ್ಡದ ಬುಡದಲ್ಲಿ ಅಭ್ಯಾಸ ಇಟ್ಟುಕೊಳ್ಳಬೇಡಿ. ಗಂಗಾವಳಿ, ಅಘನಾಶಿನಿ, ಶರಾವತಿ, ಮೂರೂ ಸೇತುವೆಗಳ ಮೇಲೆ ಗಾಳಿ ಅಡ್ಡ ಹೊಡೆಯುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಸುಕದೆ, ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪ ಬಾಗಿಸಿ ಹೋಗಿ. ಧಾರೇಶ್ವರ, ಹಳದೀಪುರ, ಕರ್ಕಿ, ಈ ಕೊನೆಯ 20 ಕಿಲೋಮೀಟರ್ ಸಪಾಟು. ಬೇಜಾರು ಬರುವುದು ಅಲ್ಲೇ. ಅಲ್ಲಿಗೆ ಮಾತಿನ ಮಲ್ಲರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಕುಳಿತಲ್ಲಿ ನೋವಾಗುತ್ತದೆ, ಮೆತ್ತನೆಯ ಸೀಟು ಹಾಕಿಸಲೇ ಎಂದು ಒಬ್ಬರು ಕೇಳಿದರು. ಬೇಡ. ಮೆತ್ತೆ ಹೆಚ್ಚಾದಷ್ಟೂ ತಿಕ್ಕಾಟ ಹೆಚ್ಚು. ಪ್ಯಾಡ್ ಇರುವ ಚಡ್ಡಿ ತೆಗೆದುಕೊಳ್ಳಿ, ಅದರ ಒಳಗೆ ಬೇರೆ ಒಳಉಡುಪು ಹಾಕಬೇಡಿ. ಎರಡು-ಮೂರು ವಾರದಲ್ಲಿ ದೇಹವೇ ಹೊಂದಿಕೊಳ್ಳುತ್ತದೆ. ಚಡ್ಡಿಯಲ್ಲಿ ಊರ ರಸ್ತೆಗೆ ಇಳಿಯುವುದು ಹೇಗೆ ಎಂದು ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು. ಮೇಲೆ ಸಡಿಲ ಪ್ಯಾಂಟು ಹಾಕಿ, ಬಲಗಾಲಿನ ಅಂಚನ್ನು ಚೈನಿಗೆ ಸಿಗದಂತೆ ಪಟ್ಟಿ ಕಟ್ಟಿ. ಚೂಡಿದಾರದ ದುಪಟ್ಟಾ ಮಾತ್ರ ಮನೆಯಲ್ಲೇ ಇರಲಿ, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ.

ಮತ್ತೊಬ್ಬರದು ನಿಜವಾದ ಪ್ರಶ್ನೆ: ಕುಮಟೆಯಲ್ಲೇ ಸುಸ್ತಾಗಿ ವ್ಯಾನ್ ಹತ್ತಿದರೆ ಕೊಟ್ಟವರ ಹಣ ವಾಪಸ್ ಕೊಡಬೇಕೇ? ಕೊಡಬೇಕಾಗಿಲ್ಲ. ಹಣ ಹೋಗುವುದು ರೋಗಿಗೆ, ನಿಮ್ಮ ಕಾಲಿಗಲ್ಲ. ಆದರೆ ಎಲ್ಲಿ ಹತ್ತಿದಿರಿ ಎಂಬುದನ್ನು ಕೊಟ್ಟವರಿಗೆ ಅದೇ ದಿನ ನೀವೇ ಹೇಳಿ, ಬೇರೆಯವರಿಂದ ಅವರಿಗೆ ತಿಳಿಯಬಾರದು. ಕಿಲೋಮೀಟರಿನ ಲೆಕ್ಕದಲ್ಲಿ ಒಪ್ಪಿದವರು ಎಷ್ಟು ಕೊಡುತ್ತಾರೋ ಅವರಿಗೆ ಬಿಟ್ಟದ್ದು. ತಲೆಸುತ್ತು ಬಂದರೆ, ಎದೆ ಹಿಡಿದರೆ, ಬೆವರು ನಿಂತು ಚಳಿ ಅನಿಸಿದರೆ ಹಟ ಮಾಡದೆ ಇಳಿದು ನೆರಳಿಗೆ ಕೂತು ಕೈ ಎತ್ತಿ. 40 ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು ಈ ವಾರವೇ ಡಾಕ್ಟರಿಗೆ ತೋರಿಸಿ ಬನ್ನಿ.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಹೊನ್ನಾವರದವರು ಗೇರುಸೊಪ್ಪೆ ರಸ್ತೆಯಲ್ಲಿ, ಕಾರವಾರದವರು ಕದ್ರಾ ರಸ್ತೆಯಲ್ಲಿ, ಅಂಕೋಲೆಯವರು ಬೇಲೆಕೇರಿ ಕಡೆ, ಶಿರಸಿಯವರು ಬನವಾಸಿ ರಸ್ತೆಯಲ್ಲಿ ಸೇರುವುದೆಂದಾಗಿದೆ. 15 ಕಿಲೋಮೀಟರ್ ಅಷ್ಟೇ. ಹೆಲ್ಮೆಟ್ ಇಲ್ಲದವರನ್ನು ಹೊರಡಲು ಬಿಡುವುದಿಲ್ಲ. ಎರಡು ಬಾಟಲಿ, ಒಂದು ಟ್ಯೂಬು, ರಸೀದಿ ಪುಸ್ತಕ ತನ್ನಿ. ಸೀಟು ಏರಿಸುವ ಸ್ಪ್ಯಾನರ್ ನನ್ನ ಹತ್ತಿರ ಇರುತ್ತದೆ.